ನಾಲ್ಕು ತಾಲ್ಲೂಕು, 524 ಮತ, ಒಬ್ಬ ರಾಷ್ಟ್ರಪತಿ

ಪಾವಗಡದ ಗಡಿಯಲ್ಲಿರುವ ಯಾವುದಾದರೂ ಕಡಲೆಕಾಯಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಬದುವಿನ ಈಚೆ ಕರ್ನಾಟಕ, ಆಚೆ ಆಂಧ್ರಪ್ರದೇಶದ ಮಡಕಶಿರಾ ಸೀಮೆ. ಎರಡೂ ಕಡೆ ಅದೇ ಕೆಂಪು ಮಣ್ಣು, ಮಳೆ ಕೈಕೊಟ್ಟರೆ ಇಬ್ಬರಿಗೂ ಒಟ್ಟಿಗೇ ಕೈಕೊಡುತ್ತದೆ. ಈಚೆಯವರಿಗೆ ತೆಲುಗು ಬರುತ್ತದೆ, ಆಚೆಯವರಿಗೆ ಕನ್ನಡ ಬರುತ್ತದೆ, ಹೆಣ್ಣು ಕೊಡುವುದು ತರುವುದು ಎಂದಿನಿಂದಲೋ ನಡೆದುಕೊಂಡು ಬಂದಿದೆ. ಆದರೆ ದೇಶಕ್ಕೆ ರಾಷ್ಟ್ರಪತಿಯನ್ನು ಆರಿಸುವ ದಿನ ಬಂತೆಂದರೆ ಈ ಬದುವಿನ ಎರಡು ಮಗ್ಗುಲಿಗೆ ಎರಡು ಬೆಲೆ! 2022ರ ಜುಲೈ 18ರಂದು ಪಾವಗಡದ ಶಾಸಕರ ಒಂದು ಮತಕ್ಕೆ 131ರ ಬೆಲೆ ಇತ್ತು. ಮಡಕಶಿರಾದ ಶಾಸಕರ ಒಂದು ಮತಕ್ಕೆ 159ರ ಬೆಲೆ.

ಈ ಲೆಕ್ಕ ಮೊದಲ ಸಲ ಕಣ್ಣಿಗೆ ಬಿದ್ದಾಗ ನನಗೆ ಮೈ ಜುಮ್ಮೆಂದಿತು. 131 ಎಲ್ಲಿಂದ ಬಂತು? ಕರ್ನಾಟಕದ ಜನಸಂಖ್ಯೆಯನ್ನು ವಿಧಾನಸಭೆಯ 224 ಸ್ಥಾನಗಳಿಗೆ ಹಂಚಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಆದರೆ ಯಾವ ಜನಸಂಖ್ಯೆ? ಇಂದಿನದಲ್ಲ, 1971ರ ಜನಗಣತಿಯದು! ಅಂದು ರಾಜ್ಯದಲ್ಲಿ ಎಣಿಕೆಯಾದವರು 2,92,99,014 ಜನ. ಜನಸಂಖ್ಯೆ ಹಿಡಿತದಲ್ಲಿಟ್ಟುಕೊಂಡ ರಾಜ್ಯಗಳಿಗೆ ಅನ್ಯಾಯ ಆಗಬಾರದೆಂದು ಸಂವಿಧಾನಕ್ಕೆ ತಿದ್ದುಪಡಿ ತಂದು ಆ ಅಂಕಿಯನ್ನು ಅಲ್ಲೇ ನಿಲ್ಲಿಸಿದ್ದಾರೆ. ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಐವತ್ತು ವರ್ಷಗಳ ಹಿಂದೆ ಗಣತಿದಾರನ ಮುಂದೆ ಜಗುಲಿಯ ಮೇಲೆ ಕೂತು ಹೆಸರು ಹೇಳಿದ ಅಜ್ಜ ಅಜ್ಜಿಯರೇ ಇಂದಿಗೂ ಶಾಸಕರ ಬೆರಳಿಗೆ ತೂಕ ಕೊಡುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದಾರೆ. ಅವರ ಲೆಕ್ಕ ಮಾತ್ರ ಉಳಿದಿದೆ.

ನಾಲ್ಕು ಕ್ಷೇತ್ರಗಳ ತೂಕ ಕೂಡಿಸಿದರೆ 524. ಸಿಕ್ಕಿಂನ ಒಬ್ಬ ಶಾಸಕರ ಮತಕ್ಕೆ ಬರೀ 7ರ ಬೆಲೆ; ಅಲ್ಲಿನ 32 ಶಾಸಕರೂ ಸೇರಿದರೆ 224 ಮಾತ್ರ. ನಮ್ಮ ಈ ನಾಲ್ಕು ತಾಲ್ಲೂಕು ಸೇರಿದರೆ ಒಂದಿಡೀ ರಾಜ್ಯದ ಎರಡರಷ್ಟಕ್ಕೂ ಹೆಚ್ಚು ತೂಗುತ್ತವೆ!

ಇನ್ನೂ ಚೋದ್ಯದ ಸಂಗತಿ 2022ರದ್ದು. ದ್ರೌಪದಿ ಮುರ್ಮು ಮತ್ತು ಯಶವಂತ ಸಿನ್ಹಾ ಎದುರುಬದುರಾಗಿದ್ದ ಆ ಚುನಾವಣೆಯ ಹೊತ್ತಿಗೆ ಕೊರಟಗೆರೆಯಲ್ಲಿ ಕಾಂಗ್ರೆಸ್ಸಿನ ಜಿ. ಪರಮೇಶ್ವರ, ಪಾವಗಡದಲ್ಲಿ ಕಾಂಗ್ರೆಸ್ಸಿನ ವೆಂಕಟರಮಣಪ್ಪ, ಮಧುಗಿರಿಯಲ್ಲಿ ಜೆಡಿಎಸ್‌ನ ಎಂ.ವಿ. ವೀರಭದ್ರಯ್ಯ, ಶಿರಾದಲ್ಲಿ 2020ರ ಉಪಚುನಾವಣೆಯಲ್ಲಿ ಮೊದಲ ಬಾರಿಗೆ ಅಲ್ಲಿ ಕಮಲ ಅರಳಿಸಿದ್ದ ಬಿಜೆಪಿಯ ಡಾ. ರಾಜೇಶ್ ಗೌಡ ಇದ್ದರು. ಕಾಂಗ್ರೆಸ್ ಸಿನ್ಹಾ ಅವರ ಕಡೆ, ಬಿಜೆಪಿ ಮುರ್ಮು ಅವರ ಕಡೆ. ಜೆಡಿಎಸ್ ಕೂಡ ಮುರ್ಮು ಅವರಿಗೇ ಬೆಂಬಲ ಸಾರಿತ್ತು. ಪಕ್ಷಗಳ ನಿಲುವಿನ ಲೆಕ್ಕ ಹಿಡಿದರೆ ನಾಲ್ಕು ತಾಲ್ಲೂಕು ಸರಿಯಾಗಿ ನಡುವೆ ಸೀಳಿದವು: ಅತ್ತ 262, ಇತ್ತ 262. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ನಾಲ್ಕೂ ಕಾಂಗ್ರೆಸ್ ಪಾಲಾದವು. ಒಂದೇ ವರ್ಷದಲ್ಲಿ ಸಮಸಮ ಇದ್ದ ತಕ್ಕಡಿ ಪೂರ್ತಿ ಒಂದು ಕಡೆಗೆ ವಾಲಿಬಿಟ್ಟಿತು.

ಆದರೆ ಈ ಸೀಮೆಯ ಯಾವುದೇ ಪಕ್ಷದ ಕಾರ್ಯಕರ್ತರನ್ನು ಮಾತಿಗೆ ಎಳೆಯಿರಿ. ಟಿಕೆಟ್ ಯಾರಿಗೆ, ಬಿ ಫಾರಂ ಯಾರ ಕೈಗೆ, ಜಿಲ್ಲಾ ಪಂಚಾಯ್ತಿಗೆ ಯಾರ ಮಗ, ಡಿಸಿಸಿ ಬ್ಯಾಂಕಿಗೆ ಯಾರ ಕಡೆಯವನು ಎಂದು ಹೋಟೆಲಿನ ಮುಂದಿನ ಬೆಂಚಿನ ಮೇಲೆ ತಾಸುಗಟ್ಟಲೆ ಮಾತಾಡುತ್ತಾರೆ. ಜಾತಿ ಲೆಕ್ಕ, ಹೋಬಳಿ ಲೆಕ್ಕ, ಬೂತ್ ಲೆಕ್ಕ ನಾಲಗೆಯ ತುದಿಯಲ್ಲೇ ಇರುತ್ತದೆ. ರಾಷ್ಟ್ರಪತಿ ಅಭ್ಯರ್ಥಿಯ ಮಾತೆತ್ತಿದರೆ ಮಾತ್ರ "ಅದು ಡೆಲ್ಲೀಲಿ ಆಗೋ ಕೆಲ್ಸ ಬಿಡಣ್ಣ, ನಮ್ಮನ್ಯಾರ್ ಕೇಳ್ತಾರೆ" ಎಂದು ಮುಗಿಸಿಬಿಡುತ್ತಾರೆ.

ಅಣ್ಣಂದಿರೇ, ದೆಹಲಿಯಲ್ಲಿ ಅಲ್ಲ! ಈ ದೇಶದಲ್ಲಿ ಒಂದು ಪಕ್ಷ ತನ್ನ ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕೆಂದು ನಡೆಸಿದ ಅತಿ ದೊಡ್ಡ ಜಗಳ, ದೇಶದ ದಿಕ್ಕನ್ನೇ ತಿರುಗಿಸಿದ ಜಗಳ, ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಮಧುಗಿರಿಯಿಂದ ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರುವಷ್ಟು ದೂರದಲ್ಲಿ. ಆ ಜಗಳದ ನಡುವಿನ ಮನುಷ್ಯ ನಮ್ಮ ಪಕ್ಕದ ಸೀಮೆಯವರು. ಅವರನ್ನು ಲೋಕಸಭೆಗೆ ಕಳಿಸಿದ್ದು, ನಮ್ಮ ಮಧುಗಿರಿ ಪಾವಗಡದವರು ಸಂತೆಗೆ, ವ್ಯಾಪಾರಕ್ಕೆ ಹೋಗಿಬರುವ ಹಿಂದೂಪುರ!

1969ನೇ ಇಸವಿ. ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಆ ಜಾಗದಲ್ಲಿ ಕೂತರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಇಂದು ಶಿರಾ, ಪಾವಗಡ ಎರಡೂ ಸೇರಿರುವುದು ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ. 1952ರಲ್ಲಿ ಆ ಹೆಸರಿನ ಕ್ಷೇತ್ರದಿಂದ ಮೊದಲ ಲೋಕಸಭೆಗೆ ಹೋದವರು ಇದೇ ನಿಜಲಿಂಗಪ್ಪ. ಜುಲೈ ಎರಡನೇ ವಾರ ಎಐಸಿಸಿ ಅಧಿವೇಶನ ಸೇರಿದ್ದು ಲಾಲ್‌ಬಾಗಿನ ಗಾಜಿನ ಮನೆಯಲ್ಲಿ. ಹೌದು, ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಫಲಪುಷ್ಪ ಪ್ರದರ್ಶನಕ್ಕೆ ಹೋಗುತ್ತೇವಲ್ಲ, 1889ರಲ್ಲಿ ಅಡಿಗಲ್ಲು ಬಿದ್ದ ಅದೇ ಗಾಜಿನ ಮನೆ. ಮೊರಾರ್ಜಿ ದೇಸಾಯಿ, ಕಾಮರಾಜ್, ಎಸ್.ಕೆ. ಪಾಟೀಲ್, ಚವಾಣ್, ಜಗಜೀವನ್ ರಾಂ, ಪ್ರಧಾನಿ ಇಂದಿರಾ ಗಾಂಧಿ, ಎಲ್ಲರೂ ಈ ಊರಿನಲ್ಲಿದ್ದರು. ಇಂದಿರಾ ಗಾಂಧಿ ಮೊದಲ ದಿನ ಬರಲಿಲ್ಲ. ಬ್ಯಾಂಕುಗಳ ಬಗ್ಗೆ, ಆರ್ಥಿಕ ನೀತಿಯ ಬಗ್ಗೆ ಬರೆದ ಟಿಪ್ಪಣಿಯೊಂದನ್ನು ಫಕ್ರುದ್ದೀನ್ ಅಲಿ ಅಹಮದ್ ಅವರ ಕೈಲಿ ಕಳಿಸಿಕೊಟ್ಟರು. ಆ ಫಕ್ರುದ್ದೀನ್ ಅವರೇ ಐದು ವರ್ಷದ ಮೇಲೆ ರಾಷ್ಟ್ರಪತಿಯಾದರು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಜುಲೈ 12ರಂದು ಕಾಂಗ್ರೆಸ್ ಸಂಸದೀಯ ಮಂಡಳಿ ಸೇರಿತು. ಕೂತವರು ಎಂಟು ಜನ. ದೇಶದ ಅತಿ ದೊಡ್ಡ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿಯನ್ನು ಆರಿಸಬೇಕಾದವರು ಆ ಎಂಟೇ ಜನ! ಹಿರಿಯರ ಗುಂಪು ಮುಂದಿಟ್ಟ ಹೆಸರು ನೀಲಂ ಸಂಜೀವ ರೆಡ್ಡಿ, ಆಗಿನ ಲೋಕಸಭಾಧ್ಯಕ್ಷರು. ಅನಂತಪುರ ಜಿಲ್ಲೆಯ ಇಲ್ಲೂರಿನವರು, 1967ರಲ್ಲಿ ಹಿಂದೂಪುರದಿಂದ ಗೆದ್ದವರು. ಇಂದಿರಾ ಗಾಂಧಿ ಮುಂದಿಟ್ಟ ಹೆಸರು ಜಗಜೀವನ್ ರಾಂ. ಅವರ ವಾದ ಇಷ್ಟು: ಇದು ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, ಈ ವರ್ಷ ಹರಿಜನರೊಬ್ಬರು ರಾಷ್ಟ್ರಪತಿಯಾಗುವುದಕ್ಕಿಂತ ದೊಡ್ಡ ಗೌರವ ಗಾಂಧಿಗೆ ಇನ್ನೇನಿದೆ?

ಮತಕ್ಕೆ ಹಾಕಿದರು. ರೆಡ್ಡಿಗೆ ನಾಲ್ಕು, ಜಗಜೀವನ್ ರಾಂಗೆ ಎರಡು; ಇನ್ನಿಬ್ಬರು ಯಾರಿಗೂ ಹಾಕಲಿಲ್ಲ.

ಈ ನಾಲ್ಕು ಮತ್ತು ಎರಡರ ಮುಂದೆ ನಾನು ಬಹಳ ಹೊತ್ತು ನಿಂತುಬಿಟ್ಟೆ. ಏಕೆಂದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪಾವಗಡ ಮತ್ತು ಕೊರಟಗೆರೆ ಇಂದು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಕ್ಷೇತ್ರ ಪುನರ್ವಿಂಗಡಣೆಯಾಗಿ 2008ರ ಚುನಾವಣೆ ಬರುವ ಮುಂಚೆ ಮಧುಗಿರಿಯೂ ಮೀಸಲಾಗಿತ್ತು. ಪರಮೇಶ್ವರ ಮೊದಲು ಗೆದ್ದು ಬಂದದ್ದು ಅಲ್ಲಿಂದಲೇ. ದಲಿತ ನಾಯಕತ್ವ ಈ ಸೀಮೆಗೆ ಪುಸ್ತಕದ ವಿಷಯವಲ್ಲ, ಮನೆಮನೆಯ ಮಾತು. ದಲಿತರೊಬ್ಬರು ರಾಜ್ಯದ ಮುಖ್ಯಮಂತ್ರಿ ಯಾವಾಗ ಆಗುತ್ತಾರೆ ಎಂಬ ಚರ್ಚೆ ಕೊರಟಗೆರೆಯಲ್ಲಿ ಎಷ್ಟು ವರ್ಷದಿಂದ ನಡೆದಿದೆಯೋ ಲೆಕ್ಕವಿಲ್ಲ. ಅಂಥ ಸೀಮೆಯವರಿಗೆ ಗೊತ್ತಿರಬೇಕಾದ ಸಂಗತಿ ಇದು: 1969ರಲ್ಲಿ, ನಮ್ಮ ಲಾಲ್‌ಬಾಗಿನ ಅಧಿವೇಶನದ ದಿನಗಳಲ್ಲಿ, ಎರಡೇ ಎರಡು ಮತ ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ದೇಶದ ದೊಡ್ಡ ಪಕ್ಷದ ಅಭ್ಯರ್ಥಿ ಒಬ್ಬ ದಲಿತ ಆಗಿರುತ್ತಿದ್ದರು. ಕೊನೆಗೆ ದಲಿತ ಸಮುದಾಯದ ಮೊದಲ ರಾಷ್ಟ್ರಪತಿಯಾಗಿ ಕೆ.ಆರ್. ನಾರಾಯಣನ್ ಪ್ರಮಾಣ ಮಾಡಿದ್ದು 1997ರಲ್ಲಿ. ಇಪ್ಪತ್ತೆಂಟು ವರ್ಷ! ಆ ಎಂಟು ಜನರ ಬದಲು ಪಕ್ಷದ ಮತದಾರರನ್ನು ಕೇಳಿದ್ದರೆ, ಪಾವಗಡದ ಒಂದು ಕೇರಿಯಲ್ಲಿ ಕೂತು ಕೇಳಿದ್ದರೆ, ಇಷ್ಟು ಕಾಯಬೇಕಾಗುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

ಸಂಜೀವ ರೆಡ್ಡಿಯವರನ್ನು ಕಡಿಮೆ ಮಾಡಿ ಹೇಳುವ ಮಾತಲ್ಲ ಇದು. ಅವರ ಮತ್ತು ನಿಜಲಿಂಗಪ್ಪನವರ ನಡುವಿನ ನಂಟು ನೋಡಿ, ಬೆರಗಾಗುತ್ತೀರಿ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದವಲ್ಲ, ಅಂದು ವಿಶಾಲ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಅದೇ ದಿನ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿಯಾದವರು ಸಂಜೀವ ರೆಡ್ಡಿ! ಒಂದು ಗಡಿಯ ಎರಡು ಮಗ್ಗುಲಿನ ಬರದ ಸೀಮೆಯಿಂದ ಬಂದ ಇಬ್ಬರು, ಒಂದೇ ದಿನ ಎರಡು ಹೊಸ ರಾಜ್ಯಗಳ ಹೊಣೆ ಹೊತ್ತರು. ಹದಿಮೂರು ವರ್ಷದ ಮೇಲೆ ಒಬ್ಬರು ಪಕ್ಷದ ಅಧ್ಯಕ್ಷರು, ಇನ್ನೊಬ್ಬರು ಆ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿ. ರೆಡ್ಡಿಯವರ ಎದುರು, ಜುಲೈ 12ರ ಆ ಮತದ ಮರುದಿನವೇ, ಪಕ್ಷೇತರರಾಗಿ ನಿಲ್ಲುತ್ತೇನೆಂದು ಸಾರಿದ ವಿ.ವಿ. ಗಿರಿಯವರೂ ನಮಗೆ ಹೊರಗಿನವರಲ್ಲ. 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ ಬೆಂಗಳೂರಿನ ರಾಜಭವನದಲ್ಲೇ ಇದ್ದವರು.

ಮುಂದಿನ ಒಂದು ವಾರದಲ್ಲಿ ನಡೆದದ್ದನ್ನು ಉಸಿರು ಬಿಗಿಹಿಡಿದೇ ಓದಬೇಕು. ಜುಲೈ 16ಕ್ಕೆ ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು. ಜುಲೈ 19ಕ್ಕೆ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ, ಸಹಿ ಹಾಕಿ ಮರುದಿನ ರಾಜೀನಾಮೆ ಕೊಟ್ಟು ಕಣಕ್ಕಿಳಿದರು. ನಮ್ಮ ನಾಡಿನ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಸರ್ಕಾರಿ ಬ್ಯಾಂಕಾದದ್ದು ಆ ರಾತ್ರಿ! ಬೆಳೆಸಾಲಕ್ಕೆ, ಒಡವೆ ಸಾಲಕ್ಕೆ ಪಾಸ್‌ಬುಕ್ ಹಿಡಿದು ಆ ಬ್ಯಾಂಕುಗಳ ಬಾಗಿಲಿಗೆ ಹೋಗುತ್ತ ಬಂದ ಶಿರಾದ ರೈತರಿಗೆ, ಈ ಬಾಗಿಲು ತೆರೆದದ್ದಕ್ಕೂ ರಾಷ್ಟ್ರಪತಿ ಅಭ್ಯರ್ಥಿಯ ಜಗಳಕ್ಕೂ ನಂಟಿದೆ ಎಂದು ಯಾರಾದರೂ ಹೇಳಿದ್ದಾರೆಯೇ?

ಇಂದಿರಾ ಗಾಂಧಿ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದರು. ಆದರೆ ಅವರ ಪರ ವಿಪ್ ಕೊಡಿ ಎಂದು ನಿಜಲಿಂಗಪ್ಪ ಕೇಳಿದಾಗ ಒಪ್ಪಲಿಲ್ಲ. ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನು ಕಂಡು, ನಿಮ್ಮ ಅಭ್ಯರ್ಥಿ ಸಿ.ಡಿ. ದೇಶಮುಖ್ ಅವರಿಗೆ ಮೊದಲ ಪ್ರಾಶಸ್ತ್ಯ ಕೊಡಿ, ಎರಡನೆಯದನ್ನು ನಮ್ಮ ರೆಡ್ಡಿಗೆ ಕೊಡಿ ಎಂದು ಕೇಳಿದ್ದು ದೊಡ್ಡ ರಾದ್ಧಾಂತವಾಯಿತು. ಮತದಾನದ ಮುನ್ನ ಪ್ರಧಾನಿಯ ಕರೆ ಬಂತು: ಆತ್ಮಸಾಕ್ಷಿಯಂತೆ ಮತ ಹಾಕಿ. ಆ ಕರೆ ದೇಶದ ಮೂಲೆಮೂಲೆಯ ಕಾಂಗ್ರೆಸ್ಸಿಗರನ್ನು ಚರ್ಚೆಗೆ ತಳ್ಳಿತು. ಅಂದು ಲೋಕಸಭೆಯಲ್ಲಿ ಮಧುಗಿರಿ ಎಂಬ ಹೆಸರಿನದೇ ಒಂದು ಕ್ಷೇತ್ರವಿತ್ತು, 1967 ಮತ್ತು 1971ರ ಚುನಾವಣೆಗಳಲ್ಲಿ; ಇಲ್ಲಿನವರೂ ಆ ಚರ್ಚೆಯ ಬಿಸಿಯಿಂದ ಹೊರಗೆ ಉಳಿಯುವಂತಿರಲಿಲ್ಲ.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು ಬೇಕಾಗಿದ್ದದ್ದು 4,18,169. ಯಾರಿಗೂ ಬರಲಿಲ್ಲ! ಸ್ವತಂತ್ರ ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ಮತ ಎಣಿಸಿ ಗೆಲುವು ತೀರ್ಮಾನವಾದದ್ದು ಅದೊಂದೇ ಸಲ. ಕಣದಲ್ಲಿದ್ದ 15 ಜನರಲ್ಲಿ ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು, ಅವರಿಗೆ ಬಿದ್ದ ಚೀಟಿಗಳನ್ನು ಮತ್ತೆ ಬಿಡಿಸಿ, ಎರಡನೆಯ ಅಂಕಿ ಯಾರ ಹೆಸರಿನ ಮುಂದಿದೆ ಎಂದು ನೋಡಿ, ಆ ಕಟ್ಟಿಗೆ ಸೇರಿಸುತ್ತಾ ಹೋದರು. ದೇಶಮುಖ್ ಅವರ ಕಟ್ಟು ಬಿಚ್ಚಿದಾಗ ರೆಡ್ಡಿ ಏರತೊಡಗಿದರು. ಎಲ್ಲ ಕಟ್ಟುಗಳಿಂದ ಸೇರಿ ಅವರಿಗೆ 91 ಸಾವಿರಕ್ಕೂ ಹೆಚ್ಚು ಬಂತು! ಗಿರಿಗೆ ಸೇರಿದ್ದು 18 ಸಾವಿರದಷ್ಟು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650. ಅಂದು ಒಬ್ಬ ಸಂಸದರ ಮತಕ್ಕೆ 576ರ ಬೆಲೆ. ಪೆನ್ಸಿಲ್ ಹಿಡಿದು ನೀವೇ ಲೆಕ್ಕ ಹಾಕಿ: ಹದಿಮೂರು ಸಂಸದರು ಗಿರಿಯವರನ್ನು ಬಿಟ್ಟು ರೆಡ್ಡಿಯವರ ಕಡೆ ಹೊರಳಿದ್ದರೆ ಹಿಂದೂಪುರದ ಸಂಸದರೇ ಅಂದು ರಾಷ್ಟ್ರಪತಿ.

ಹದಿಮೂರು ಜನ! ಒಂದು ವ್ಯಾನಿನಲ್ಲಿ ಹಿಡಿಸುವಷ್ಟು ಜನರ ಮನಸ್ಸು.

ಅಲ್ಲಿಗೆ ಮುಗಿಯಲಿಲ್ಲ. ಗೆದ್ದದ್ದು ಪಕ್ಷದ ಅಧಿಕೃತ ಅಭ್ಯರ್ಥಿಯಲ್ಲ, ಪ್ರಧಾನಿಯ ಒಲವು ಪಡೆದ ಪಕ್ಷೇತರ. ನವೆಂಬರ್ 12ರಂದು ನಿಜಲಿಂಗಪ್ಪನವರ ಪಕ್ಷ ದೇಶದ ಪ್ರಧಾನಿಯನ್ನೇ ಉಚ್ಚಾಟಿಸಿತು. ಚಿತ್ರದುರ್ಗದ ವಕೀಲರೊಬ್ಬರು ಅಧ್ಯಕ್ಷರಾಗಿದ್ದ ಪಕ್ಷ ಹಾಲಿ ಪ್ರಧಾನಿಯನ್ನು ಹೊರಗೆ ಹಾಕಿತು! ಕಾಂಗ್ರೆಸ್ ಎರಡಾಯಿತು. ಮೈಸೂರು ರಾಜ್ಯದಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಜೊತೆ ನಿಂತರು. ಇಂದಿರಾ ಗಾಂಧಿಯವರ ಕಡೆಯ ಕಾಂಗ್ರೆಸ್ಸನ್ನು ಇಲ್ಲಿ ಕಟ್ಟಲು ನಿಂತವರು ಡಿ. ದೇವರಾಜ ಅರಸು. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಆ ಪಕ್ಷಕ್ಕೆ. 1972ರ ಮಾರ್ಚ್ 20ರಂದು ಅರಸು ಮುಖ್ಯಮಂತ್ರಿ.

ಈಗ ನಿಮ್ಮ ಮನೆಯ ಕಬ್ಬಿಣದ ಪೆಟ್ಟಿಗೆ ತೆಗೆಯಿರಿ. ಅಜ್ಜನ ಕಾಲದ ಕಾಗದಗಳಲ್ಲಿ ಫಾರಂ ನಂಬರ್ 7 ಎಂಬುದೇನಾದರೂ ಇದೆಯೇ? ಭೂ ನ್ಯಾಯ ಮಂಡಳಿಯ ಮುಂದೆ, ಈ ಹೊಲವನ್ನು ಗೇಣಿಗೆ ಉಳುತ್ತಿರುವವನು ನಾನು, ನನಗೆ ಕೊಡಿಸಿ ಎಂದು ಗೇಣಿದಾರ ಸಲ್ಲಿಸಿದ ಅರ್ಜಿ ಅದು. ಅರಸು ಸರ್ಕಾರ ತಿದ್ದುಪಡಿ ಮಾಡಿದ ಭೂ ಸುಧಾರಣಾ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕಾನೂನಿನ ಬಲ ಬಂದ ದಿನ. ಲಾಲ್‌ಬಾಗಿನ ಅಧಿವೇಶನದಲ್ಲಿ ರಾಷ್ಟ್ರಪತಿ ಅಭ್ಯರ್ಥಿಯ ಮೇಲೆ ಪಕ್ಷ ಬಿರುಕು ಬಿಡದಿದ್ದರೆ ಅರಸು ಆ ಹೊತ್ತಿಗೆ ಆ ಕುರ್ಚಿಗೆ ಬರುತ್ತಿದ್ದರೇ? ಹಿಂದುಳಿದ ವರ್ಗಗಳ ಹಾವನೂರು ಆಯೋಗ 1972ರಲ್ಲಿ ರಚನೆಯಾಗುತ್ತಿತ್ತೇ? ಇತಿಹಾಸದಲ್ಲಿ ಒಂದರಿಂದ ಇನ್ನೊಂದು ಹೀಗೆಯೇ ಹುಟ್ಟಿತೆಂದು ಕಡ್ಡಿ ಮುರಿದಂತೆ ಹೇಳಲಾಗದು. ಆದರೂ ಜುಲೈ 12ರ ಆ ನಾಲ್ಕು-ಎರಡು ಮತದಿಂದ ಹೊರಟ ದಾರಿ ಎಷ್ಟೋ ಮನೆಗಳ ಪಹಣಿಯವರೆಗೆ ಬಂದು ಮುಟ್ಟಿದೆ ಎಂಬುದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ರೆಡ್ಡಿಯವರ ಕತೆ ಇನ್ನೂ ಇದೆ, ಅದಂತೂ ಕಾದಂಬರಿಯಲ್ಲಿ ಬಂದರೂ ನಂಬುವಂಥದ್ದಲ್ಲ. 1977ರ ಮಾರ್ಚ್‌ನಲ್ಲಿ ಆಂಧ್ರದ 42 ಸ್ಥಾನಗಳಲ್ಲಿ 41 ಕಾಂಗ್ರೆಸ್ಸಿಗೆ ಹೋದಾಗ ಜನತಾ ಪಕ್ಷದಿಂದ ಗೆದ್ದ ಒಬ್ಬರೇ ಒಬ್ಬರು, ನಂದ್ಯಾಲದಿಂದ, ಸಂಜೀವ ರೆಡ್ಡಿ. ಅದಕ್ಕೆ ಒಂದು ತಿಂಗಳು ಮುಂಚೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಿದ್ದರು. ಹಂಗಾಮಿ ರಾಷ್ಟ್ರಪತಿಯಾಗಿ ಕೂತಿದ್ದವರು ನಮ್ಮ ಸಾವಳಗಿಯ ಬಿ.ಡಿ. ಜತ್ತಿ. ಜುಲೈನಲ್ಲಿ ಚುನಾವಣೆ ಬಂತು. 37 ಜನ ನಾಮಪತ್ರ ಹಾಕಿದರು, 36 ತಿರಸ್ಕೃತವಾದವು, ಉಳಿದದ್ದು ರೆಡ್ಡಿಯವರದು! ಎಂಟು ವರ್ಷದ ಹಿಂದೆ ಯಾರ ಹೆಸರಿನ ಮೇಲೆ ಪಕ್ಷವೇ ಸೀಳಿತೋ ಅವರ ಹೆಸರಿಗೆ ಈ ಸಲ ಎದುರಾಳಿಯೇ ಇಲ್ಲ. ಕಾಂಗ್ರೆಸ್ ಕೂಡ ಬೆಂಬಲ ಕೊಟ್ಟಿತು. ಇವತ್ತಿನವರೆಗೂ ಅವಿರೋಧವಾಗಿ ಆಯ್ಕೆಯಾದ ರಾಷ್ಟ್ರಪತಿ ಅವರೊಬ್ಬರೇ. 1977ರ ಜುಲೈ 25ರಂದು ಒಬ್ಬ ಕನ್ನಡಿಗರು ಇಳಿದ ಜಾಗಕ್ಕೆ ನಮ್ಮ ಗಡಿಯಾಚೆಯ ನೆರೆಯವರು ಏರಿದರು. ಅವಧಿ ಮುಗಿದ ಮೇಲೆ ಅನಂತಪುರದ ತಮ್ಮ ತೋಟಕ್ಕೆ ಹೋಗಿ ಬೇಸಾಯಕ್ಕೆ ಕೂತರು. ಕೊನೆಯುಸಿರೆಳೆದದ್ದು ಬೆಂಗಳೂರಿನಲ್ಲಿ, 1996ರ ಜೂನ್ 1ರಂದು. ಅದೇ ದಿನ ಎಚ್.ಡಿ. ದೇವೇಗೌಡರು ದೆಹಲಿಯಲ್ಲಿ ಪ್ರಧಾನಿಯಾಗಿ ಪ್ರಮಾಣ ಮಾಡುತ್ತಿದ್ದರು! ರೆಡ್ಡಿಯವರ ಸಮಾಧಿ ಇರುವುದು ಬೆಂಗಳೂರಿನ ಕಲ್ಪಳ್ಳಿಯಲ್ಲಿ. ಲಾಲ್‌ಬಾಗಿಗೆ ಹೋದವರು ಒಂದಷ್ಟು ದೂರ ಹೋದರೆ ನೋಡಬಹುದು.

ಮತ ಹಾಕುವ ಚೀಟಿಯ ಬಗ್ಗೆಯೂ ಹೇಳದೆ ಇರಲಾರೆ. ಸಂಸದರಿಗೆ ಹಸಿರು ಬಣ್ಣದ ಚೀಟಿ, ಶಾಸಕರಿಗೆ ಗುಲಾಬಿ ಬಣ್ಣದ್ದು. ಅದರ ಮೇಲೆ ಪಕ್ಷದ ಚಿಹ್ನೆ ಇರುವುದಿಲ್ಲ, ಹೆಸರು ಮಾತ್ರ. ನಮ್ಮ ಶಾಸಕರು ವಿಧಾನಸೌಧದಲ್ಲಿ ಚುನಾವಣಾ ಆಯೋಗದವರು ಕೊಡುವ ನೇರಳೆ ಶಾಯಿಯ ಪೆನ್ನು ಹಿಡಿದು, ತಮಗೆ ಬೇಕಾದವರ ಹೆಸರಿನ ಮುಂದೆ ಅಂಕಿ ಬರೆಯಬೇಕು. ಅಕ್ಷರದಲ್ಲಿ ಒಂದು ಎಂದು ಬರೆದರೆ ಮತ ಕೆಟ್ಟಂತೆ. ಅಂಕಿ ಯಾವುದು? 1 ಎಂದು ಬರೆಯಬಹುದು, ರೋಮನ್ ಅಂಕಿ ಬರೆಯಬಹುದು, ಭಾರತದ ಯಾವುದೇ ಭಾಷೆಯ ಅಂಕಿಯನ್ನೂ ಬರೆಯಬಹುದು. ಅಂದರೆ ಶಿರಾದ ಶಾಸಕರು ನಮ್ಮ ಕನ್ನಡದ ೧ ಬರೆದರೆ ಅದು 131 ತೂಗುವ ಸಿಂಧು ಮತ! ಬಸ್ಸಿನ ಬೋರ್ಡಿನ ಮೇಲೆ ಕಾಣುವ ನಮ್ಮ ಅಂಕಿ ರಾಷ್ಟ್ರಪತಿಯನ್ನು ಆರಿಸಬಲ್ಲದು ಎಂದು ತಿಳಿದಾಗ ಆದ ಸಂತೋಷ ಇಷ್ಟಿಷ್ಟಲ್ಲ. ಇನ್ನೊಂದು ಸಂಗತಿ: ಈ ಚುನಾವಣೆಯಲ್ಲಿ ಯಾವ ಪಕ್ಷವೂ ವಿಪ್ ಕೊಡುವಂತಿಲ್ಲ. 1969ರಲ್ಲಿ ಅಷ್ಟು ರಂಪಕ್ಕೆ ಕಾರಣವಾದ ಆ ಆತ್ಮಸಾಕ್ಷಿ ಇಂದು ಪ್ರತಿಯೊಬ್ಬ ಶಾಸಕರ ಹಕ್ಕು.

ಹಾಗಾದರೆ ಶಾಸಕರ ಆತ್ಮಸಾಕ್ಷಿಗೆ ಮಾತು ಹೇಳುವವರು ಯಾರು? ಅಮೆರಿಕದ ಅಯೋವಾ ಎಂಬ ರಾಜ್ಯ ನಮ್ಮ ಸೀಮೆಯ ಹಾಗೆ ಬೇಸಾಯದವರ ನಾಡು, ಅಲ್ಲಿ ಮುಸುಕಿನ ಜೋಳ. ಅಧ್ಯಕ್ಷ ಚುನಾವಣೆಯ ವರ್ಷ, ಚಳಿಗಾಲದ ರಾತ್ರಿ, ಪಕ್ಷದ ಸಾಮಾನ್ಯ ಮತದಾರರು ಊರಿನ ಶಾಲೆಯ ಕೋಣೆಯಲ್ಲಿ ಸೇರಿ ನಮ್ಮ ಅಭ್ಯರ್ಥಿ ಯಾರಾಗಬೇಕೆಂದು ನೆರೆಹೊರೆಯವರೊಂದಿಗೆ ವಾದ ಮಾಡುತ್ತಾರೆ. ಡೆಮಾಕ್ರಟಿಕ್ ಪಕ್ಷದವರು 2020ರವರೆಗೂ ತಮ್ಮ ತಮ್ಮ ಅಭ್ಯರ್ಥಿಯ ಗುಂಪಿನಲ್ಲಿ ಹೋಗಿ ನಿಂತುಕೊಂಡು, ಎದುರು ಗುಂಪಿನವರನ್ನು ಈಚೆಗೆ ಕರೆಯುತ್ತಿದ್ದರು. 2008ರ ಜನವರಿ 3ರ ಅಂಥ ರಾತ್ರಿಯಲ್ಲೇ ಬರಾಕ್ ಒಬಾಮ ಮೊದಲ ಗೆಲುವು ಕಂಡದ್ದು. ಅವರ ಪದ್ಧತಿ ಬೇರೆ, ನಮ್ಮದು ಬೇರೆ; ಅಲ್ಲಿನ ಅಧ್ಯಕ್ಷರು ಆಳುವವರು, ನಮ್ಮ ರಾಷ್ಟ್ರಪತಿ ಸಂವಿಧಾನವನ್ನು ಕಾಯುವವರು. ಆದರೆ ಪಕ್ಷಕ್ಕೆ ದುಡಿದವನಿಗೆ ಪಕ್ಷದ ಆಯ್ಕೆಯಲ್ಲಿ ಮಾತು ಇರಬೇಕೆಂಬುದು ಎಲ್ಲಿಯಾದರೂ ಸರಿಯೇ. ನಮ್ಮಲ್ಲೂ ಅದರ ಒಂದು ಎಳೆ ಇದೆ. 2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ತನ್ನ ಅಧ್ಯಕ್ಷರನ್ನು ಆರಿಸಲು ದೇಶದ ತುಂಬ ಪ್ರತಿನಿಧಿಗಳಿಂದ ಮತ ಹಾಕಿಸಿತು. 9,385 ಮತ ಬಿದ್ದವು. ಶಶಿ ತರೂರ್ ಅವರಿಗೆ 1,072, ಮಲ್ಲಿಕಾರ್ಜುನ ಖರ್ಗೆಯವರಿಗೆ 7,897. ನಿಜಲಿಂಗಪ್ಪನವರ ನಂತರ ಆ ಕುರ್ಚಿಯಲ್ಲಿ ಕೂತ ಕನ್ನಡಿಗ ಖರ್ಗೆ, ಅದೂ ಎಂಟು ಜನರ ಕೋಣೆಯಿಂದಲ್ಲ, ಮತಪೆಟ್ಟಿಗೆಯಿಂದ.

ರಾಷ್ಟ್ರಪತಿ ಅಭ್ಯರ್ಥಿಯ ವಿಷಯದಲ್ಲಿ ಮಾತ್ರ ಯಾವ ಪಕ್ಷವೂ ಇನ್ನೂ ಬಾಗಿಲು ತೆರೆದಿಲ್ಲ. ಹೆಸರು ಟಿವಿಯಲ್ಲಿ ಬರುತ್ತದೆ, ಬೆಂಬಲ ಘೋಷಣೆಯಾಗುತ್ತದೆ, ಶಾಸಕರು ಬಸ್ಸಿನಲ್ಲಿ ಬಂದು ಮತ ಹಾಕಿ ಹೋಗುತ್ತಾರೆ. ಊರಿನ ಕಾರ್ಯಕರ್ತನಿಗೆ ಗೊತ್ತಾಗುವುದು ಮುಗಿದ ಮೇಲೆ.

ದ್ರೌಪದಿ ಮುರ್ಮು ಅವರು ಪ್ರಮಾಣವಚನ ಸ್ವೀಕರಿಸಿದ್ದು 2022ರ ಜುಲೈ 25ರಂದು. ಐದು ವರ್ಷದ ಅವಧಿ ಮುಗಿಯುವುದು 2027ರ ಜುಲೈನಲ್ಲಿ. ಅದಕ್ಕೆ ಮುಂಚೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಾಲ್ವರು ಶಾಸಕರ ಕೈಗೆ ಮತ್ತೆ ಗುಲಾಬಿ ಚೀಟಿ ಬರುತ್ತದೆ. ನೀವು ಯಾವ ಪಕ್ಷದವರೇ ಆಗಿರಿ, ನಿಮ್ಮ ಶಾಸಕರು ಗುದ್ದಲಿ ಪೂಜೆಗೋ ಮದುವೆಗೋ ಊರಿಗೆ ಬಂದಾಗ, ರಸ್ತೆ ಮತ್ತು ಕುಡಿಯುವ ನೀರಿನ ಅರ್ಜಿ ಕೊಟ್ಟ ಮೇಲೆ ಇದನ್ನೂ ಕೇಳಿ: ನಮ್ಮ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿ ಯಾರಾಗಬೇಕೆಂದು ನೀವು ಹೈಕಮಾಂಡಿಗೆ ಹೇಳಿದ್ದೀರಾ, ಹೇಳುವ ಮುಂಚೆ ನಮ್ಮನ್ನು ಕೇಳಿದ್ದೀರಾ? ಅವರು ಬರೆಯುವ ಆ ಅಂಕಿಯ ತೂಕ ನಿಮ್ಮ ಅಜ್ಜ ಅಜ್ಜಿಯರದು, ಕೇಳುವ ಹಕ್ಕು ನಿಮ್ಮದು.